ಚರಂಡಿಯ ಬೋಳುಸಂಪಿಗೆ

ಕಾಡುಗಿಡಗಳ ಸಸಿ ಬೆಳೆಸುವ ನರ್ಸರಿಯಲ್ಲಿ ನಮ್ಮತ್ತೆಯನ್ನು ಎಲ್ಲರೂ ಬಿಸಿಲತ್ತೆ ಅಂತಲೇ ಕರೆಯುತ್ತಿದ್ದರು. ಈ ಹೆಸರು ಇಟ್ಟವರು ಯಾರೋ ಗೊತ್ತಿಲ್ಲ, ಆದರೆ ನೋಡಿಯೇ ಇಟ್ಟಿದ್ದಾರೆ. ಬೆಳಿಗ್ಗೆ ಎಂಟಕ್ಕೆ ಬೀಜದ ತಟ್ಟೆಗಳು ಉಗ್ರಾಣದ ಕಟ್ಟೆ ಮೇಲೆ, ಹನ್ನೊಂದಕ್ಕೆ ಅಂಗಳದ ನಡುವೆ, ಮೂರಕ್ಕೆ ಗೇಟಿನ ಪಕ್ಕ. ಬಿಸಿಲು ಎಲ್ಲಿಗೆ ಸರಿದರೂ ತಟ್ಟೆ ಹೊತ್ತುಕೊಂಡು ಅದರ ಬೆನ್ನು ಹತ್ತುವಳು. ಸಂಜೆ ಒಂದು ಬೀಜ ತೆಗೆದು ಹಲ್ಲಿನಲ್ಲಿ ಕಚ್ಚುವಳು. ಕಟಕ್ ಅಂದರೆ ಸೈ, ಇಲ್ಲದಿದ್ದರೆ ನಾಳೆ ಮತ್ತೆ ಅದೇ ಮೆರವಣಿಗೆ. ಮೂವತ್ತೊಂದು ವರ್ಷ ಇದೇ ಕೆಲಸ. ಕಾಡಿನಿಂದ ಬಂದ ಹಣ್ಣು ಕಾಯಿಗಳನ್ನು ತೊಳೆದು, ಬೀಜ ಬಿಡಿಸಿ, ಒಣಗಿಸಿ, ಉಗ್ರಾಣಕ್ಕೆ ಒಪ್ಪಿಸುವುದು. ಅವಳು ಒಣಗಿಸಿದ ಬೀಜಕ್ಕೆ ಒಂದು ಸಲವೂ ಬೂಷ್ಟು ಹಿಡಿದದ್ದಿಲ್ಲ.

ನಾನು ಅವಳ ಅಣ್ಣನ ಮಗಳು. ಅದೇ ನರ್ಸರಿಯ ಗಾಡಿ ಓಡಿಸುತ್ತೇನೆ. ಸಸಿ ತುಂಬಿಕೊಂಡು ಬೆಟ್ಟ ಹತ್ತುವುದು, ಖಾಲಿ ಬುಟ್ಟಿ ತುಂಬಿಕೊಂಡು ಇಳಿಯುವುದು. ನನ್ನ ಬಾಯಿ ಸ್ವಲ್ಪ ಜೋರು ಅಂತಾರೆ. ಅನ್ನಲಿ ಬಿಡಿ, ಆ ತಿರುವುಗಳಲ್ಲಿ ಎದುರಿಗೆ ಬರುವ ಲಾರಿಗಳ ಹತ್ತಿರ ಮೆತ್ತಗೆ ಮಾತಾಡಿದರೆ ನಾನು ಇಷ್ಟು ಹೊತ್ತಿಗೆ ಕಂದಕದಲ್ಲಿ ಇರುತ್ತಿದ್ದೆ. ಅಪ್ಪ ನಾನು ಕೂಸಾಗಿದ್ದಾಗಲೇ ಹೋಗಿದ್ದ, ನನಗೆ ಒಂಬತ್ತು ವರ್ಷವಿದ್ದಾಗ ಅಮ್ಮನೂ ತೀರಿಕೊಂಡಳು. ಅತ್ತೆ ಬಂದು ನನ್ನ ಬಟ್ಟೆ ಪುಸ್ತಕ ಒಂದು ಚೀಲಕ್ಕೆ ತುಂಬಿ, "ಬಾ, ನಮ್ಮನೇಲಿ ಜಾಗ ಇದೆ" ಅಂದಳು. ಜಾಗ ಎಲ್ಲಿತ್ತು! ಇದ್ದದ್ದು ಎರಡು ಕೋಣೆ. ಮುಂದಿನದು ಮಾವನ ಹೊಲಿಗೆ ಅಂಗಡಿ, ಹಿಂದಿನದರಲ್ಲಿ ನಾವು ಮೂವರು. ಆ ಎರಡು ಕೋಣೆಯಲ್ಲಿ ಧೂಳು ಕೂಡ ಅಪ್ಪಣೆ ಕೇಳಿ ಒಳಗೆ ಬರಬೇಕು. ತೊಳೆದ ತಟ್ಟೆಯನ್ನು ಮತ್ತೆ ತೊಳೆಯುವವಳು ನಮ್ಮತ್ತೆ. "ನಾನು ಒಂದು ಗಂಟೆ ಅಲುಗಾಡದೆ ಕೂತರೆ ನನ್ನನ್ನೂ ತೊಳೆದು ಬಿಸಿಲಿಗೆ ಹಾಕ್ತಾಳೆ ನೋಡು" ಅಂತ ಮಾವ ಮಿಷನ್ ತುಳಿಯುತ್ತಲೇ ನಗಿಸುತ್ತಿದ್ದ.

ಮಾವನ ಅಂಗಡಿಯಲ್ಲಿ ಕನ್ನಡಿಯ ಮೇಲೆ ಒಂದು ಚೌಕಟ್ಟು ತೂಗುತ್ತಿತ್ತು. ದೊಡ್ಡ ಕಚೇರಿಯವರು ಅತ್ತೆಗೆ ಕೊಟ್ಟ ಪ್ರಶಸ್ತಿಪತ್ರ. 'ಬೀಜ ಶುದ್ಧಿ ಮತ್ತು ಒಣಗಿಸುವಿಕೆಯಲ್ಲಿ ಅತ್ಯುತ್ತಮ' ಅಂತ ಚಿನ್ನದ ಬಣ್ಣದ ಅಕ್ಷರ, ಕೆಳಗೆ ಯಾರದೋ ಸೊಟ್ಟ ಸಹಿ. ಅಳತೆ ಕೊಡಲು ಬಂದವರೆಲ್ಲ ಅದನ್ನು ಓದಲೇಬೇಕು, ಓದದವರಿಗೆ ಮಾವ ಓದಿ ಹೇಳುವನು. ಅತ್ತೆ ಒಳಗಿನಿಂದ "ಸಾಕು ಸುಮ್ನಿರಿ" ಅನ್ನುತ್ತಿದ್ದಳು. ಆದರೆ ಅದರ ಗಾಜನ್ನು ದಿನಾ ಒರೆಸುತ್ತಿದ್ದವಳು ಅವಳೇ.

ಇಷ್ಟೆಲ್ಲಾ ಒಣಗಿಸಿ ಗೆದ್ದವಳಿಗೆ ಒಂದೇ ಒಂದು ಬೀಜ ಬಗ್ಗಲಿಲ್ಲ. ಅದು ಬೋಳುಸಂಪಿಗೆ.

ನಮ್ಮ ಬೆಟ್ಟದ ಮೇಲಿನ ಕಾಡಿನಲ್ಲಿ ಬಿಟ್ಟರೆ ಆ ಮರ ಇನ್ನೆಲ್ಲೂ ಇಲ್ಲ ಅಂತ ಸಾಹೇಬರು ಹೇಳುತ್ತಿದ್ದರು. ಸಾಹೇಬರು ಅಂದರೆ ನಮ್ಮ ನರ್ಸರಿಯ ಮುಖ್ಯಸ್ಥರು. ಆ ಮರ ಚಳಿಗೆ ಎಲೆಯನ್ನೆಲ್ಲ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಇದು ಸತ್ತೇ ಹೋಯಿತು ಅಂದುಕೊಳ್ಳುವಷ್ಟರಲ್ಲಿ, ಇನ್ನೂ ಒಂದು ಚಿಗುರೂ ಬರುವ ಮುಂಚೆ, ಬರೀ ಕೊಂಬೆಯ ತುಂಬ ಅಂಗೈ ಅಗಲದ ಬಿಳಿ ಹೂ ಬಿಡುತ್ತದೆ. ಹಿಂದೆ ಬೇಕಾದಷ್ಟಿದ್ದವಂತೆ. ಮರ ಹಗುರ, ಕೊಯ್ಯಲು ಸುಲಭ ಅಂತ ಪೆಟ್ಟಿಗೆ ಮಾಡುವವರು ಕಡಿದು ಮುಗಿಸಿದರು. ಕೈಗೆ ಸಿಗದ ಬಂಡೆಯ ಅಂಚಿನಲ್ಲಿ ಹನ್ನೊಂದು ಉಳಿದವು. ಅದರಲ್ಲಿ ಎರಡನ್ನು ಗುಡ್ಡ ಕುಸಿದು ಎಳೆದುಕೊಂಡು ಹೋಯಿತು. ಉಳಿದ ಒಂಬತ್ತರಲ್ಲಿ ಕಾಯಿ ಬಿಡುವುದು ನಾಲ್ಕೇ. ಸುತ್ತ ನೆಲದಲ್ಲಿ ಒಂದು ಮರಿಯೂ ಇಲ್ಲ, ಬಿದ್ದ ಒಂದು ಬೀಜವನ್ನೂ ಇಲಿಗಳು ಬಿಡುತ್ತಿರಲಿಲ್ಲ.

ಹಾಗಾಗಿ ಹನ್ನೆರಡು ವರ್ಷದಿಂದ ಪ್ರತಿ ಸಲ ಮಳೆ ಮುಗಿದ ಮೇಲೆ ಆ ನಾಲ್ಕು ಮರದ ಕಾಯಿ ಇಳಿಸಿ ನಾನು ಗಾಡಿಯಲ್ಲಿ ತರುತ್ತಿದ್ದೆ. ಕಾಯಿ ಬಿರಿದು ಒಳಗಿಂದ ಕೆಂಪು ಬೀಜ ಇಣುಕುತ್ತಿರುತ್ತಿತ್ತು. ಅತ್ತೆ ನೆನೆಹಾಕಿ, ಕೆಂಪು ತಿರುಳನ್ನು ತಿಕ್ಕಿ ತೆಗೆದು, ಸೋಪುನೀರಲ್ಲಿ ಜಿಡ್ಡು ತೊಳೆದು, ಕಪ್ಪಗೆ ಹೊಳೆಯುವ ಬೀಜವನ್ನು ಒಣಗಿಸುತ್ತಿದ್ದಳು. ಕಟಕ್ ಅನ್ನುವವರೆಗೆ. ಚಳಿ ಮುಗಿದ ಮೇಲೆ ಏಳನೇ ಪಾತಿಯಲ್ಲಿ ಬಿತ್ತುವುದು. ಹನ್ನೆರಡು ವರ್ಷ, ಸುಮಾರು ಐದು ಸಾವಿರ ಬೀಜ. ಒಂದೂ ಹುಟ್ಟಲಿಲ್ಲ. ಅತ್ತೆ ಪ್ರತಿ ವರ್ಷ ಒಂದೇ ಮಾತು ಹೇಳುವಳು, "ಈ ಸಲ ಸರಿಯಾಗಿ ಒಣಗಿರಲಿಲ್ಲ ಕಣೇ. ಬರೋ ವರ್ಷ ಇನ್ನೆರಡು ದಿನ ಜಾಸ್ತಿ ಹಾಕ್ತೀನಿ."

ಹನ್ನೆರಡನೇ ವರ್ಷದ ಚಳಿಗಾಲದ ಕೊನೆಯಲ್ಲಿ ಅವಳು ತೊಳೆಯುವ ತೊಟ್ಟಿಯ ಹತ್ತಿರ ಪಾಚಿಯ ಮೇಲೆ ಜಾರಿ ಬಿದ್ದಳು. ಬಲಗೈ ಮಣಿಕಟ್ಟು ಮುರಿಯಿತು. ಎರಡೂವರೆ ತಿಂಗಳು ಕೆಲಸಕ್ಕೆ ಹೋಗಕೂಡದು ಅಂದರು ಡಾಕ್ಟರು. ಮನೆಯಲ್ಲಿ ಕೂತವಳಿಗೆ ಒಂದೇ ಚಿಂತೆ, ತೊಟ್ಟಿಯ ಚರಂಡಿ. ಆ ತೊಟ್ಟಿಯ ನೀರು ಒಂದು ಸಣ್ಣ ಕಲ್ಲಿನ ಚರಂಡಿಯಲ್ಲಿ ಹರಿದು ಗೋಡೆಯ ನೆರಳಿನಲ್ಲಿ ಒಂದು ಮರಳುಗುಂಡಿಗೆ ಬೀಳುತ್ತದೆ. ಪ್ರತಿ ವರ್ಷ ಚಳಿ ಮುಗಿಯುತ್ತಿದ್ದ ಹಾಗೆ ಅದನ್ನು ಕೆರೆದು, ಕಳೆ ಕಿತ್ತು, ಲಕಲಕ ಮಾಡುವುದು ಅವಳ ಪದ್ಧತಿ. ಯಾರೂ ಹೇಳಿದ್ದಲ್ಲ, ಸಂಬಳದ ಕೆಲಸವೂ ಅಲ್ಲ.

"ನೀನಾದರೂ ಒಂದು ಸಲ ಗುಡಿಸಿ ಬಾರೇ" ಅಂದಳು.

"ಅತ್ತೆ, ನಾನು ಡ್ರೈವರು. ಚರಂಡಿ ಕೊಳಕಾದರೆ ಯಾರೂ ಸಾಯಲ್ಲ" ಅಂದೆ.

ಸೋಮಾರಿತನಕ್ಕೆ ಹೇಳಿದ ಮಾತು. ನನ್ನ ಜೀವಮಾನದಲ್ಲಿ ನನ್ನ ಸೋಮಾರಿತನದಿಂದ ಆದ ಒಳ್ಳೆಯ ಕೆಲಸ ಅದೊಂದೇ.

ಪಟ್ಟಿ ಬಿಚ್ಚಿ ಕೆಲಸಕ್ಕೆ ಹೋದ ಮೊದಲ ದಿನವೇ ಸಾಹೇಬರು ಕರೆದರು. ನಾನೂ ಜೊತೆಗಿದ್ದೆ. ಮೇಜಿನ ಮೇಲೆ ದೊಡ್ಡ ಕಚೇರಿಯ ಪತ್ರ ಇತ್ತು. ಏಳನೇ ಪಾತಿ ಈ ಸಲವೂ ಖಾಲಿ. ಇನ್ನೊಂದೇ ಸಲ ಬಿತ್ತಬಹುದು. ಆಮೇಲೂ ಹುಟ್ಟದಿದ್ದರೆ ಬೋಳುಸಂಪಿಗೆಯ ಬೀಜಕ್ಕೆ ಜೀವವಿಲ್ಲ ಅಂತ ಬರೆದು ಕಡತ ಮುಚ್ಚುವುದು, ಪಾತಿಯನ್ನು ಬೇಲಿಗಿಡಗಳಿಗೆ ಕೊಡುವುದು. ಬೆಟ್ಟದ ಮೇಲಿನ ಒಂಬತ್ತು ಮುದಿ ಮರ ಇರುವಷ್ಟು ದಿನ ಇರುತ್ತವೆ, ಅಷ್ಟೇ.

"ನಿಮ್ಮ ತಪ್ಪೇನಿಲ್ಲಮ್ಮ" ಅಂದರು ಸಾಹೇಬರು. "ನಿಮ್ಮಷ್ಟು ಚೆನ್ನಾಗಿ ಯಾರು ಒಣಗಿಸ್ತಾರೆ? ಮರಕ್ಕೇ ವಯಸ್ಸಾಗಿದೆ."

ಅತ್ತೆ ಹೊರಗೆ ಬಂದಳು. ಸಿಟ್ಟು ಬಂದಾಗ ಅವಳು ಕಿರುಚುವವಳಲ್ಲ, ಏನಾದರೂ ತೊಳೆಯುವವಳು. ನೇರ ಚರಂಡಿಗೆ ಹೋಗಿ, ಎಡಗೈಯಲ್ಲಿ ಕಳೆ ಕೀಳತೊಡಗಿದಳು. ನಾನು ಗಾಡಿಗೆ ಬುಟ್ಟಿ ಏರಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಸದ್ದೇ ಇಲ್ಲ. ನೋಡಿದರೆ ಮರಳುಗುಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಬೆರಳು ಮೂಸುತ್ತಿದ್ದಾಳೆ.

"ಏನತ್ತೆ?"

"ಇಲ್ಲಿ ಬಾ. ಇದನ್ನ ಮೂಸು."

ಕಿತ್ತ ಸಸಿಯ ಎಲೆಯನ್ನು ಹೊಸಕಿ ನನ್ನ ಮೂಗಿಗೆ ಹಿಡಿದಳು. ನಿಂಬೆಸಿಪ್ಪೆಗೆ ಶುಂಠಿ ಬೆರೆತ ಹಾಗಿನ ವಾಸನೆ. ಆ ವಾಸನೆ ನನಗೆ ಚೆನ್ನಾಗಿ ಗೊತ್ತು, ಕಾಯಿ ತರುವ ದಿನ ಗಾಡಿಯೆಲ್ಲಾ ಅದೇ ಘಮ. ಗುಂಡಿಯಲ್ಲಿ ಇನ್ನೂ ಎರಡು ಸಸಿ ನಿಂತಿದ್ದವು. ಬುಡದಲ್ಲಿ ಎರಡು ದುಂಡನೆಯ ಮೊದಲ ಎಲೆ, ಅವುಗಳ ಮೇಲೆ ಮೂರು ನಿಜವಾದ ಎಲೆ, ತುದಿ ಅಗಲ, ಬೆನ್ನಿಗೆ ಬೆಳ್ಳಿ ಬಣ್ಣದ ರೋಮ. ಬೋಳುಸಂಪಿಗೆ. ತೊಟ್ಟಿಯ ನೀರು ಚೆಲ್ಲುವಾಗ ಜಾರಿದ ಬೀಜ ಒಣಗದೆ, ಬಿಸಿಲು ಕಾಣದೆ, ಚಳಿಗಾಲವೆಲ್ಲಾ ಒದ್ದೆ ಮರಳಲ್ಲಿ ಮಲಗಿ ಎದ್ದಿತ್ತು.

ನಾನು ಕುಣಿದಾಡಿಬಿಟ್ಟೆ. "ಅತ್ತೆ! ಹುಟ್ಟಿದೆ ಅತ್ತೆ! ಆ ಪತ್ರಾನ ಸಾಹೇಬ್ರು ಮಡಚಿ ಇಟ್ಕೊಳ್ಳಲಿ!"

ಅತ್ತೆ ಕುಣಿಯಲಿಲ್ಲ. "ಈ ದುಂಡನೆ ಎರಡೆಲೆ ನಂಗೆ ಗೊತ್ತು ಕಣೇ" ಅಂದಳು. "ಪ್ರತಿ ವರ್ಷ ಇಲ್ಲಿ ನಾಲ್ಕೋ ಐದೋ ಇರ್ತಿದ್ವು. ಕಳೆ ಅಂತ ಕಿತ್ತು ಬಿಸಾಕ್ತಿದ್ದೆ."

ನಾನು ಕುಣಿಯುವುದನ್ನು ಬಿಟ್ಟು ಅವಳ ಪಕ್ಕ ಕೂತೆ.

"ಅಲ್ಲಿ ಒಣಗಿಸಿ ಕೊಂದೆ, ಇಲ್ಲಿ ಕಿತ್ತು ಕೊಂದೆ. ಹನ್ನೆರಡು ವರ್ಷ. ಮರಕ್ಕೆ ವಯಸ್ಸಾಗಿದೆ ಅಂತ ಮರದ ಮೇಲೆ ತಪ್ಪು ಹೊರಿಸಿದ್ರು. ಅಯ್ಯೋ ನನ್ನ ಕೈಯೇ."

ಮುರಿದು ಕೂಡಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಅವಳು ಅತ್ತಿದ್ದನ್ನು ನಾನು ನೋಡಿದ್ದು ಅಮ್ಮ ಹೋದಾಗ ಒಂದು ಸಲ, ಆಮೇಲೆ ಇದೇ. ಎಷ್ಟು ಹೊತ್ತು ಅತ್ತಳೋ, ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. ಉಳಿದ ಎರಡು ಸಸಿಯನ್ನು ಮಣ್ಣಿನ ಸಮೇತ ಎತ್ತಿ ಕುಂಡಕ್ಕೆ ಹಾಕಿದಳು. ಅಲ್ಲಿಂದ ಅವಳು ಹಿಡಿದ ಪಟ್ಟು ಬಿಡಲಿಲ್ಲ.

ಬುದ್ಧಿವಂತಿಕೆ ಹೇಳಲು ಹೋದವಳು ನಾನು. "ಯಾರಿಗೂ ಹೇಳ್ಬೇಡ. ಮಳೆ ಮುಗಿದ ಮೇಲೆ ಬೀಜ ಬರುತ್ತಲ್ಲ, ಗುಟ್ಟಾಗಿ ಒದ್ದೆ ಮರಳಲ್ಲಿಡು. ಹುಟ್ಟಿದ್ರೆ ಹೆಸರು ನಿಂದು. ಹಳೇದು ಯಾಕೆ ಕೆದಕ್ತೀಯಾ? ಇನ್ನೊಂದು ವರ್ಷಕ್ಕೆ ನಿವೃತ್ತಿ."

"ನಾನು ಹೋದ ಮೇಲೆ ಬರೋಳು ಯಾರನ್ನ ನೋಡಿ ಕಲೀತಾಳೆ? ನನ್ನನ್ನ. ತಟ್ಟೆ ಎತ್ಕೊಂಡು ಬಿಸಿಲಿಗೆ ಹೋಗ್ತಾಳೆ" ಅಂದಳು. ಅಷ್ಟೇ, ಮಾತು ಮುಗಿಯಿತು.

ಸಾಹೇಬರ ಮುಂದೆ ಎಲ್ಲವನ್ನೂ ಬಿಚ್ಚಿಟ್ಟಳು. ಅವರು ಕುಂಡ ತಿರುಗಿಸಿ ತಿರುಗಿಸಿ ನೋಡಿದರು. ಬೋಳುಸಂಪಿಗೆಯೇ ಅಂತ ಒಪ್ಪಿದರು, ಆದರೆ ಬೆವರು ಒರೆಸಿಕೊಂಡರು. ಒಣಗಿಸದ ಬೀಜ ಉಗ್ರಾಣಕ್ಕೆ ಬರಕೂಡದು ಅನ್ನುವುದು ನಿಯಮ. ಬೂಷ್ಟು ಬಂದರೆ ಉಳಿದ ಬೀಜಕ್ಕೂ ಹರಡುತ್ತದೆ.

"ಎರಡು ಸಸಿ ಆಕಸ್ಮಿಕ ಇರಬಹುದಮ್ಮ. ಇರೋದು ಕೊನೇ ಅವಕಾಶ. ಎಲ್ಲಾನೂ ಒದ್ದೆ ಇಟ್ಟು ಕೊಳೆತ್ರೆ ನಾನು ಏನು ಉತ್ತರ ಕೊಡಲಿ?"

"ಒಣಗಿಸಿದ್ರೆ ಉತ್ತರ ಈಗ್ಲೇ ಗೊತ್ತಲ್ಲ ಸಾರ್."

ಸಾಹೇಬರಿಗೆ ನಗು ಬಂತು, ತಡೆದುಕೊಂಡರು. ಕೊನೆಗೆ ಅರ್ಧಕ್ಕೆ ಇಳಿದರು. ಅರ್ಧ ಬೀಜ ನಿಯಮದ ಪ್ರಕಾರ ಒಣಗಬೇಕು, ಅರ್ಧ ಅತ್ತೆಯ ಇಷ್ಟದಂತೆ. ಆದರೆ ಉಗ್ರಾಣದಲ್ಲಿ ಅಲ್ಲ, ಬೇರೆ ಎಲ್ಲಾದರೂ.

ಮಳೆ ಮುಗಿಯಿತು. ಆ ವರ್ಷ ಮಾವ ಹಳೆಯ ಪರದೆಬಟ್ಟೆಯಲ್ಲಿ ಚೀಲ ಹೊಲಿದುಕೊಟ್ಟ. ಮರ ಹತ್ತುವವರು ಒಂದೊಂದು ಕಾಯಿಗೂ ಕಟ್ಟಿ ಬಂದರು, ಒಂದು ಬೀಜವೂ ಇಲಿ ಹಕ್ಕಿಗೆ ಹೋಗದ ಹಾಗೆ. ಸಿಕ್ಕಿದ್ದು ನಾನೂರಿಪ್ಪತ್ತು ಬೀಜ. ಅತ್ತೆ ತೊಳೆದು ಎರಡು ಪಾಲು ಮಾಡಿದಳು.

ಒಣಗಿಸುವ ಪಾಲಿನ ತಟ್ಟೆಯನ್ನು ಎತ್ತುವಳು, ಮತ್ತೆ ಕೆಳಗಿಡುವಳು. "ಬೇರೆಯವರ ಕೈಗೆ ಕೊಡು ಅತ್ತೆ, ನೀನು ಮಾಡ್ಬೇಡ" ಅಂದೆ.

"ಬೇರೆಯವರು ಅರೆಬರೆ ಒಣಗಿಸಿದ್ರೆ, ಒಣಗಿಸಿದ್ದು ಸರಿ ಇರ್ಲಿಲ್ಲ, ಅದಕ್ಕೇ ಹುಟ್ಟಲಿಲ್ಲ ಅಂತಾರೆ. ಹನ್ನೆರಡು ವರ್ಷ ನಾನು ಹೇಳಿದ್ದೂ ಅದನ್ನೇ ಅಲ್ವಾ?" ಅಂದಳು. ತಟ್ಟೆ ಎತ್ತಿಕೊಂಡು ಬಿಸಿಲಿಗೆ ನಡೆದಳು. ಎಂಟಕ್ಕೆ ಕಟ್ಟೆ, ಹನ್ನೊಂದಕ್ಕೆ ಅಂಗಳ, ಮೂರಕ್ಕೆ ಗೇಟು. ಹತ್ತು ದಿನ. ಕೊನೆಯ ದಿನ ಒಂದು ಬೀಜ ಕಚ್ಚಿದಳು. ಕಟಕ್ ಅಂತು. ಉಗುಳಲೂ ಇಲ್ಲ, ಬಾಯಲ್ಲಿಟ್ಟುಕೊಂಡೇ ನಿಂತಳು.

ಇನ್ನೊಂದು ಪಾಲನ್ನು ಒದ್ದೆ ಮರಳಿನ ಜೊತೆ ಮೂರು ತಗಡಿನ ಡಬ್ಬಿಯಲ್ಲಿ ತುಂಬಿ, ಇಲಿ ಬರದಂತೆ ಜಾಲರಿ ಕಟ್ಟಿ, ಬಳಕೆಯಲ್ಲಿಲ್ಲದ ಪಂಪ್‌ಮನೆಯಲ್ಲಿಟ್ಟಳು. ಅದಕ್ಕೆ ಬಿಸಿಲು ತಾಗುವುದಿಲ್ಲ, ಚಳಿಗಾಲದಲ್ಲಿ ಒಳಗೆ ಕಾಲಿಟ್ಟರೆ ಹಲ್ಲು ಕಟಕಟ. ದಿನ ಬಿಟ್ಟು ದಿನ ಹೋಗುವಳು. ಒಂದು ಹಿಡಿ ಮರಳು ಹಿಂಡಿ ನೋಡುವಳು. ಉಂಡೆ ಕಟ್ಟಬೇಕು, ನೀರು ತೊಟ್ಟಿಕ್ಕಬಾರದು. ಬಿಸಿಲತ್ತೆ ಈಗ ನೆರಳತ್ತೆ ಆಗಿದ್ದಾಳೆ ಅಂತ ನರ್ಸರಿಯವರು ನಕ್ಕರು. ಅವಳು ಕಿವಿ ಮೇಲೆ ಹಾಕಿಕೊಳ್ಳಲಿಲ್ಲ. ನಾನು ಹಾಕಿಕೊಂಡೆ, ಇಬ್ಬರಿಗೆ ಸರಿಯಾಗಿ ಚಳಿ ಬಿಡಿಸಿದೆ.

ನಡುಚಳಿಯಲ್ಲಿ ಒಂದು ದಿನ ಡಬ್ಬಿ ತೆರೆದರೆ ಬಿಳಿ ಬೂಷ್ಟು. ಮೂರರಲ್ಲಿ ಒಂದು ಡಬ್ಬಿ ಪೂರ್ತಿ ಬಲೆ ಕಟ್ಟಿದ ಹಾಗೆ. ಸಾಹೇಬರು ಹೇಳಿದ್ದೇ ಆಯಿತಲ್ಲ, ಇನ್ನೇನು ಉಳಿಯಿತು ಅಂತ ಬಾಯಿಗೆ ಬಂದದ್ದನ್ನೆಲ್ಲ ಬೈದೆ, ಬೀಜವನ್ನು, ಮರಳನ್ನು, ಪಂಪ್‌ಮನೆಯನ್ನು.

"ಬೈದಾಯ್ತಾ? ಹಾಗಾದ್ರೆ ಮರಳು ಬೇಯಿಸೋಕೆ ನೀರಿಡು" ಅಂದಳು ಅತ್ತೆ.

ಎಪ್ಪತ್ತು ಬೀಜವನ್ನು ಒಂದೊಂದಾಗಿ ಬೆರಳಲ್ಲಿ ತೊಳೆದಳು. ಆ ಹಿಮದಂಥ ನೀರಲ್ಲಿ ಮುರಿದ ಮಣಿಕಟ್ಟು ಊದಿಕೊಂಡಿತು. ಮೆತ್ತಗಾದದ್ದನ್ನು ತೆಗೆದಳು, ಗಟ್ಟಿ ಇದ್ದದ್ದನ್ನು ಬೇಯಿಸಿ ಆರಿಸಿದ ಮರಳಿಗೆ ಹಾಕಿದಳು. ನನ್ನ ಕೈಗೆ ಒಂದನ್ನೂ ಕೊಡಲಿಲ್ಲ. "ಸಿಟ್ಟಿನ ಕೈ ಒತ್ತಿಬಿಡುತ್ತೆ" ಅಂದಳು. ತೊಳೆಯುವುದು ಅವಳ ಹುಟ್ಟುಗುಣ, ಆ ದಿನ ಅದು ಕೆಲಸಕ್ಕೆ ಬಂತು.

ಚಳಿ ಮುಗಿಯಿತು. ಏಳನೇ ಪಾತಿಯ ನಡುವೆ ಒಂದು ಹಲಗೆ ನಿಲ್ಲಿಸಿ, ಎಡಕ್ಕೆ ಒಣಬೀಜ, ಬಲಕ್ಕೆ ಒದ್ದೆ ಬೀಜ ಬಿತ್ತಿದರು. ಮೂರು ವಾರ ಏನೂ ಇಲ್ಲ. ನಾಲ್ಕನೇ ವಾರ ಏನೂ ಇಲ್ಲ. ಸಾಹೇಬರು ಪಾತಿಯ ಹತ್ತಿರ ಬರುವುದನ್ನೇ ಬಿಟ್ಟರು. ನಾನು ದಿನಾ ಬೆಳಿಗ್ಗೆ ಗಾಡಿ ತೆಗೆಯುವ ಮುಂಚೆ ಇಣುಕಿ, ಮುಖ ಗಂಟು ಹಾಕಿಕೊಂಡು ಹೊರಡುತ್ತಿದ್ದೆ. ಅತ್ತೆ ಮಾತ್ರ ಹೂಜಿಯಿಂದ ಎರಡೂ ಕಡೆ ಸಮನಾಗಿ ನೀರು ಹಾಕುತ್ತಿದ್ದಳು. ಎಡಗಡೆ ಒಂದು ತೊಟ್ಟೂ ಕಡಿಮೆ ಮಾಡಲಿಲ್ಲ.

ಮೂವತ್ತಾರನೇ ದಿನ ನಾನು ಬೆಟ್ಟದಿಂದ ಇಳಿದು ಬಂದಾಗ ಅವಳು ಗೇಟಿನ ಹತ್ತಿರ ನಿಂತಿದ್ದಳು. ಕೆಲಸದ ಹೊತ್ತಿನಲ್ಲಿ ಅವಳು ಸುಮ್ಮನೆ ನಿಂತವಳೇ ಅಲ್ಲ. "ಗಾಡಿ ಆಮೇಲೆ ಖಾಲಿ ಮಾಡು, ಬಾ" ಅಂದಳು. ಬಲಗಡೆಯ ಮಣ್ಣು ಅಲ್ಲಲ್ಲಿ ಬಿರಿದಿತ್ತು. ಬಿರುಕಿನಲ್ಲಿ ಬಾಗಿದ ಬಿಳಿ ಕುತ್ತಿಗೆಗಳು. ಒಂದೆರಡು ಆಗಲೇ ಕಪ್ಪು ಸಿಪ್ಪೆಯನ್ನು ತಲೆ ಮೇಲೆ ಹೊತ್ತು ನೆಟ್ಟಗಾಗಿದ್ದವು. ಎರಡು ವಾರದಲ್ಲಿ ನೂರ ಮೂವತ್ತೇಳು ಸಸಿ. ಎಡಗಡೆ ಮಣ್ಣು ಹಾಕಿದ ಹಾಗೇ ಇತ್ತು, ಒಂದು ಗೆರೆಯೂ ಬಿರಿಯಲಿಲ್ಲ.

ಸಾಹೇಬರು ಬಂದು ಮಂಡಿಯೂರಿ ಎಣಿಸಿದರು, ಇನ್ನೊಂದು ಸಲ ಎಣಿಸಿದರು. ಒಳ್ಳೆಯ ಮನುಷ್ಯ, ಕಣ್ಣು ಒದ್ದೆಯಾಗಿತ್ತು. ಅದೇ ದಿನ ವರದಿ ಬರೆದು ನಮಗೆ ಓದಿ ಹೇಳಿದರು. 'ಈ ನರ್ಸರಿಯು ಬೋಳುಸಂಪಿಗೆಯ ಬೀಜ ಮೊಳೆಸುವ ಹೊಸ ವಿಧಾನವನ್ನು ಕಂಡುಹಿಡಿದಿದೆ.' ಅತ್ತೆಯ ಹೆಸರೂ ಇತ್ತು. ನನಗಂತೂ ಹಿಗ್ಗು ತಡೆಯಲಾಗಲಿಲ್ಲ.

"ಹನ್ನೆರಡು ವರ್ಷದ್ದು ಎಲ್ಲಿ ಸಾರ್?" ಅಂದಳು ಅತ್ತೆ.

"ಅದು ಯಾಕಮ್ಮ? ಎರಡು ತಿಂಗಳಲ್ಲಿ ಹೂವಿನ ಹಾರ ಹಾಕಿಸಿಕೊಂಡು ಹೋಗೋರು ನೀವು. ಕಚೇರಿಗೂ ಕೆಟ್ಟ ಹೆಸರು."

"ಒದ್ದೆ ಇಡಿ ಅಂತ ಬರೆದಿದ್ದೀರಿ. ಒಣಗಿಸಿದ್ರೆ ಸಾಯುತ್ತೆ ಅಂತ ಬರೆದಿಲ್ಲ. ಒಂದು ವರ್ಷ ಯಾರೋ ಅವಸರದಲ್ಲಿ ಒಣಗಿಸ್ತಾರೆ. ಬರೀರಿ ಸಾರ್."

ಸಾಹೇಬರು ಪೆನ್ನಿನ ಮುಚ್ಚಳ ಹಾಕಿದರು. ಆಗಲ್ಲ ಅಂದರು, ಮೆತ್ತಗೇ ಅಂದರು. ಅತ್ತೆ ಸರಿ ಸಾರ್ ಅಂತ ಕೈಮುಗಿದು ಬಂದಳು. ಅಬ್ಬಾ, ಬಿಟ್ಟಳಲ್ಲ ಅಂದುಕೊಂಡೆ. ಮೂವತ್ತು ವರ್ಷ ಜೊತೆಗಿದ್ದೂ ನನಗೆ ಬುದ್ಧಿ ಬಂದಿರಲಿಲ್ಲ.

ಮನೆಗೆ ಬಂದವಳೇ ಕುರ್ಚಿ ಹತ್ತಿ ಕನ್ನಡಿಯ ಮೇಲಿನ ಚೌಕಟ್ಟನ್ನು ಇಳಿಸಿದಳು. ಹೊಲಿಯುತ್ತಿದ್ದ ಮಾವನ ಕಾಲು ಮಿಷನ್ ಮೇಲೆ ನಿಂತುಹೋಯಿತು. ಮೊಳೆ ಬಿಚ್ಚಿ, ಚಿನ್ನದ ಅಕ್ಷರದ ಕಾಗದ ಹೊರತೆಗೆದು, ಬೋರಲು ಹಾಕಿ, ನನ್ನ ಮುಂದೆ ಇಟ್ಟಳು. ಹಿಂಬದಿ ಖಾಲಿ, ಒಳ್ಳೇ ದಪ್ಪ ಕಾಗದ.

"ನಿನ್ನ ಅಕ್ಷರ ಚೆನ್ನಾಗಿದೆ. ಬರಿ."

"ಅತ್ತೆ, ಇದರ ಮೇಲಾ? ಬೇರೆ ಕಾಗದ ತರ್ತೀನಿ ಇರು."

"ಗಾಜಿರೋ ಚೌಕಟ್ಟು ಇದೊಂದೇ. ತೊಟ್ಟಿ ಹತ್ತಿರ ತೂಗುಹಾಕಿದ್ರೆ ನೀರು ಸಿಡಿಯುತ್ತೆ."

ಮಾವನ ಮುಖ ನೋಡಿದೆ. ಅವನಾದರೂ ತಡೆಯುತ್ತಾನೆ ಅಂತ. ಅವನು ಆ ಖಾಲಿ ಗೋಡೆ ನೋಡಿ, ಮೇಜಿನ ಮೇಲಿದ್ದ ಬಟ್ಟೆಯನ್ನೆಲ್ಲ ಪಕ್ಕಕ್ಕೆ ಸರಿಸಿ ನನಗೆ ಬರೆಯಲು ಜಾಗ ಮಾಡಿಕೊಟ್ಟ.

ಅವಳು ಹೇಳಿದಳು, ನಾನು ಬರೆದೆ. 'ಬೋಳುಸಂಪಿಗೆ ಬೀಜ ಒಣಗಿಸಬೇಡಿ. ನಾನು ಹನ್ನೆರಡು ವರ್ಷ ಒಣಗಿಸಿದೆ. ಒಂದೂ ಹುಟ್ಟಲಿಲ್ಲ. ಚರಂಡಿಯಲ್ಲಿ ಹುಟ್ಟಿದ್ದನ್ನು ಕಳೆ ಅಂತ ಕಿತ್ತೆ. ನೀವು ನೋಡಿ ಕೀಳಿ.' ಕೆಳಗೆ ಅವಳ ಪೂರ್ತಿ ಹೆಸರು, ಅವಳೇ ಬರೆದಳು, ಮುರಿದು ಕೂಡಿದ ಕೈಯಲ್ಲಿ.

ನನಗೆ ಇದನ್ನು ಸಹಿಸಲಾಗಲಿಲ್ಲ. ಅದಕ್ಕೇ ಬೇಕಂತಲೇ ಸಣ್ಣ ಅಕ್ಷರದಲ್ಲಿ ಬರೆದಿದ್ದೆ, ಹೋಗುವವರು ಬರುವವರು ನಿಂತು ಓದದಿರಲಿ ಅಂತ. ಅತ್ತೆ ಕಾಗದವನ್ನು ಕೈಯಳತೆ ದೂರ ಹಿಡಿದಳು, ಕಣ್ಣು ಕಿರಿದು ಮಾಡಿದಳು, ಮತ್ತೆ ನನ್ನ ಮುಂದೆ ಇಟ್ಟಳು.

"ಇದರ ಮೇಲೇ ತಿದ್ದಿ ದಪ್ಪ ಮಾಡು. ತಟ್ಟೆ ಹೊತ್ಕೊಂಡು ಬಿಸಿಲಿಗೆ ಹೊರಟೋಳಿಗೆ ಅಷ್ಟು ದೂರದಿಂದ ಕಾಣಬೇಕು."